ಕೂಲರ್ ಮುಂದೆ ಕುಳಿತ ಗಿಡ

ಆಗಿನ್ನೂ ಕಲಬುರಗಿಯ ನಮ್ಮಂಥವರ ಮನೆಗಳಿಗೆ ಎ.ಸಿ. ಬಂದಿರಲಿಲ್ಲ. ಬಿಸಿಲು ಕಾಯತೊಡಗಿದರೆ ಅಟ್ಟದ ಮೇಲಿನ ಕೂಲರ್ ಕೆಳಗಿಳಿಯುತ್ತಿತ್ತು. ಅದರ ಹೊಸ ಹುಲ್ಲಿಗೆ ನೀರು ಬಿದ್ದಾಗ ಏಳುವ ವಾಸನೆಗೆ ನಾವು ಮಕ್ಕಳು ಮುಖವೊಡ್ಡಿ ಕೂರುತ್ತಿದ್ದೆವು. ಒಂದು ಬೇಸಿಗೆ ಮಾತ್ರ ಆ ಜಾಗ ನಮಗೆ ಸಿಗಲಿಲ್ಲ. ಅಲ್ಲಿ ಒಂದು ಗಿಡ ಕುಳಿತಿತ್ತು.

ಅಪ್ಪ ಊಟಿಯಿಂದ ತಂದ ಹೈಡ್ರೇಂಜಿಯಾ ಅದು. ಅಲ್ಲಿ ಅದಕ್ಕೆ ಲಾಡುವಿಗಿಂತ ದೊಡ್ಡ ನೀಲಿ ಹೂಗೊಂಚಲುಗಳಿದ್ದವಂತೆ. ತೊಗರಿ ಬೆಳೆಯುವ ನಮ್ಮ ಎರೆಮಣ್ಣಿಗಿಂತ ಮೇಲೆ ಯಾವುದಿದೆ ಎಂದು ಜಂಬದಿಂದ ಕುಂಡಕ್ಕೆ ಅದನ್ನೇ ತುಂಬಿದ. ಎಲೆಗಳೆಲ್ಲ ಹಳದಿಯಾದವು.

ಬೇಸಿಗೆಗೆ ಬಂದಿದ್ದ ಅಪ್ಪನ ಅಕ್ಕ, ನಮ್ಮ ಗುರಮ್ಮತ್ತಿ, ಬಿದ್ದು ಬಿದ್ದು ನಕ್ಕಳು. "ಥಂಡಿ ಊರಿನ ಗಿಡ ಈ ಬಿಸಲಾಗ ಹೂ ಬಿಡ್ತದೇನು?"

"ನಮ್ಮ ಕಮಲಾಪುರದ ಮಣ್ಣ ಹಾಕಿದ್ರ ಬಿಡ್ತದರೀ ಅಕ್ಕಾರ," ಅಂದಳು ಅವ್ವ. ಕಮಲಾಪುರ ಅವಳ ತವರು.

"ನಿಮ್ಮೂರಾಗ ಕೆಂಪ ಬಾಳಿಹಣ್ಣ ಬಿಟ್ರ ಮತ್ತೇನದ?"

ತವರಿಗೆ ಅಂದ ಮಾತನ್ನು ಅವ್ವ ನುಂಗುವವಳೇ ಅಲ್ಲ. ಮುಂದಿನ ಭಾನುವಾರವೇ ನನ್ನನ್ನು ಕಟ್ಟಿಕೊಂಡು ಬಸ್ಸು ಹತ್ತಿದಳು. ಮಾಮನ ಬಾಳೆತೋಟದ ಕೆಂಪು ಮಣ್ಣನ್ನು ಚೀಲ ತುಂಬಿಸಿಕೊಂಡಳು.

ವಾಪಸ್ ಬರುವಾಗ ಕಂಡಕ್ಟರ್ ಚೀಲ ಒದ್ದು ನೋಡಿದ. "ಏನದರೀ ಅವ್ವಾರ?"

"ಮಣ್ಣು."

"ಕಲಬುರಗ್ಯಾಗ ಮಣ್ಣಿಲ್ಲೇನ್ರೀ?"

"ಇಂಥಾದಿಲ್ಲ!"

ಆ ಬೇಸಿಗೆಯಿಡೀ ಕೂಲರ್ ಗಿಡದ ಕಡೆಗೇ ಮುಖ ಮಾಡಿತ್ತು. ಅಕ್ಕಿ ತೊಳೆದ ನೀರೂ ಅದಕ್ಕೇ. "ಮನ್ಯಾಗ ಅಳಿಯ ಬಂದಂಗ ಆಗ್ಯಾದಲ್ಲ," ಎಂದು ಅಪ್ಪ ಬನಿಯನ್ ಹಿಂಡುತ್ತ ಗೊಣಗಿದ. ಅತ್ತೆ ಬೀಸಣಿಕೆ ಬೀಸಿಕೊಳ್ಳುತ್ತ, "ತವರಿಗಿ ಬಂದಾಕಿ ನಾನೋ, ಆ ಗಿಡಾನೋ?" ಎಂದು ಸಿಡುಕಿ ತನ್ನೂರಿಗೆ ಹೋದಳು.

ಮಳೆ ಬಿದ್ದ ಮೇಲೆ ಕುಂಡ ಅಂಗಳದ ನೆರಳಿಗೆ ಬಂತು. ನಾಗರ ಪಂಚಮಿಗೆ ಮತ್ತೆ ತವರಿಗೆ ಬಂದ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟಳು. ಗಿಡದಲ್ಲಿ ಎರಡು ನೀಲಿ ಗೊಂಚಲು!

"ಯವ್ವಾ! ಖರೇನೇ ಬಿಟ್ಟದಲ್ಲ!"

ಓಣಿಯ ಹೆಂಗಸರೆಲ್ಲ ನೋಡಲು ಬಂದರು. ನಾನು ಜೋಕಾಲಿ, ಉಂಡಿ ಎಲ್ಲ ಬಿಟ್ಟು ಕುಂಡದ ಪಕ್ಕ ನಿಂತು, "ಮುಟ್ಟಬ್ಯಾಡ್ರಿ, ಬರೇ ನೋಡ್ರಿ," ಎಂದು ಎಲ್ಲರಿಗೂ ಹುಕುಂ ಮಾಡಿದೆ. ನಮ್ಮವ್ವನಂಥ ಅವ್ವ ಇಡೀ ಕಲಬುರಗಿಯಲ್ಲಿ ಇನ್ನೊಬ್ಬಳಿಲ್ಲ ಅನ್ನಿಸಿತ್ತು.

ಅತ್ತೆ ಹೊರಟಾಗ ಅವ್ವ ಉಡಿ ತುಂಬಿ, ಒಂದು ಗೊಂಚಲನ್ನು ಕೊಯ್ದು ಅಕ್ಕಿಯ ಮೇಲಿಟ್ಟಳು. ಅತ್ತೆಯ ಕಣ್ಣು ತುಂಬಿತು. "ನಮ್ಮೂರಾಗ ಎಲ್ಲಾರಿಗೂ ತೋರಸ್ತೀನಿ, ನನ್ನ ತವರಮನಿ ಹೂ ಅಂತ."

"ತೋರಸ್ರಿ ಅಕ್ಕಾರ. ಮಣ್ಣು ಕಮಲಾಪುರದ್ದು ಅಂತನೂ ಹೇಳ್ರಿ."

"ಹೇಳ್ತೀನಿ ಬಿಡವ್ವಾ. ಗೆದ್ದಿ ನೀ!"

ಈಗ ನಮ್ಮ ಮನೆಯಲ್ಲಿ ಎ.ಸಿ. ಇದೆ, ಅವ್ವ ಇಲ್ಲ. ಮೊನ್ನೆ ನಾನು, ಆಗಲೇ ಹೂ ಅರಳಿದ್ದ ಹೈಡ್ರೇಂಜಿಯಾವನ್ನೇ ಕುಂಡದ ಸಮೇತ ಕೊಂಡು ತಂದೆ. ಅದಕ್ಕಾಗಿ ಮನೆಯಲ್ಲಿ ಯಾರೂ ಬೆವರಲಿಲ್ಲ, ಜಗಳವಾಡಲಿಲ್ಲ. ಪಕ್ಕದ ಮನೆಯಾಕೆ ನೋಡಿ, "ಭಾಳ ಚಂದ ಅದರೀ, ಎಲ್ಲಿಂದು?" ಎಂದು ಕೇಳಿದಳು.

"ಮಣ್ಣು ಕಮಲಾಪುರದ್ದು" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ನರ್ಸರೀದು ರೀ," ಅಂದೆ.