ಹಾಸಿನ ಪಕ್ಕದ ಲೆಕ್ಚರು

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದರಲ್ಲಿ ನಾಚಿಕೆಪಡೋದು ಏನೂ ಇಲ್ಲ; ನಾನು ನೇಯ್ದ ಕಂಬಳಿ ಹೊದ್ದು ಮಲಗಿದವರು ಯಾರೂ ಇವತ್ತಿನವರೆಗೆ ನನ್ನ ಮಾರ್ಕ್ಸ್ ಕಾರ್ಡು ಕೇಳಿಲ್ಲ. ಲೆಕ್ಚರ್ ಅನ್ನೋದು ಕಾಲೇಜಿನ ಪದ. ಚಳ್ಳಕೆರೆಯ ಕಾಲೇಜು ಹುಡುಗರು ಅದನ್ನು ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು, ಬೇಸರವಾದರೆ ಎದ್ದು ಮ್ಯಾಟ್ನಿ ಶೋಗೆ ಹೋಗುತ್ತಿದ್ದರು. ನಮ್ಮ ಬೀದಿಯಲ್ಲಿ ಲೆಕ್ಚರ್ ಕೊಡೋದು ಅಂತಿರಲಿಲ್ಲ, ಲೆಕ್ಚರ್ ಹೊಡೆಯೋದು ಅಂತಿದ್ದರು. ಹೊಡೆಸಿಕೊಂಡವರಿಗೆ ಆ ಮಾತು ಎಷ್ಟು ಸರಿ ಅಂತ ಗೊತ್ತು.

ನಾವು ಅದಕ್ಕೆ ಸಿಕ್ಕಿಬೀಳುತ್ತಿದ್ದದ್ದು ಕಸುಬಿನಿಂದ. ಕಂಬಳಿಯ ಉದ್ದದ ನೂಲಿಗೆ ಹಾಸು ಅಂತೀವಿ. ಮಗ್ಗಕ್ಕೆ ಏರಿಸೋ ಮೊದಲು ಅದನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಹಚ್ಚಬೇಕು. ಗಂಜಿ ಒಣಗುವ ತನಕ ಕುಂಚದಲ್ಲಿ ಸವರುತ್ತಲೇ ಇರಬೇಕು. ಕೈ ನಿಂತರೆ ಎಳೆಗಳು ಒಂದಕ್ಕೊಂದು ಅಂಟಿ ಹಪ್ಪಳವಾಗ್ತವೆ. ಅಂದರೆ ಆ ಹೊತ್ತಿನಲ್ಲಿ ಮನುಷ್ಯ ಜಾಗ ಬಿಟ್ಟು ಓಡುವಂತಿಲ್ಲ. ಬೀದಿಯ ಹಿರಿಯರಿಗೆಲ್ಲ ಇದು ಚೆನ್ನಾಗಿ ಗೊತ್ತು. ಬೇರೆ ದಿನ ಕಂಡರೂ ಕಾಣದಂಗೆ ಹೋಗುವವರು, ಹಾಸು ಎಳೆದ ದಿನ ಬೀಡಿ ಹಚ್ಚಿಕೊಂಡು ಬಂದು ನಿಲ್ಲೋರು. ಒಬ್ಬರದು ಕುಡಿತದ ಕೇಡು, ಇನ್ನೊಬ್ಬರದು ಮೂಲಂಗಿಯ ಗುಣ.

ಇವರೆಲ್ಲರನ್ನೂ ಮೀರಿಸಿದವನು ನನ್ನ ಸೋದರಮಾವ. ಮೊಳಕಾಲ್ಮುರು ಕಡೆಯವನು, ಒಂದು ಅವಧಿಗೆ ಪಂಚಾಯ್ತಿ ಮೆಂಬರ್ ಆಗಿದ್ದವನು. ಉಸಿರು ತಗೊಳ್ಳೋವಾಗಲೂ ನಡುವೆ ಬೇರೆಯವರು ಬಾಯಿ ಹಾಕದಿರಲಿ ಅಂತ ತೆಲುಗಿನಲ್ಲಿ ‘ವಿನರಾ’ ಅನ್ನೋನು, ಕೇಳಲೇ ಅಂತ. ಎಸ್‌ಟಿಡಿ ಬೂತಿನಲ್ಲಿ ಮಾತ್ರ ಮಿತಭಾಷಿ. ಕೆಂಪು ಮೀಟರು ಓಡೋದು ಕಂಡರೆ ಅವನ ನಾಲಿಗೆ ತಾನಾಗೇ ಒಳಗೆ ಹೋಗುತ್ತಿತ್ತು.

ಅವನ ಮಗಳನ್ನು ನಾನು ಮದುವೆಯಾಗಬೇಕು ಅಂತಿದ್ದೆ. ಅವಳಿಗೂ ಮನಸ್ಸಿತ್ತು. ಆದರೆ ಅವ್ವ ತಮ್ಮನನ್ನು ಕೇಳಿದಾಗಲೆಲ್ಲ ಹೂಂ ಬರಲಿಲ್ಲ, ಉಹೂಂ ಬರಲಿಲ್ಲ, ಲೆಕ್ಚರ್ ಬಂತು. ಅಷ್ಟರಲ್ಲಿ ಪರಶುರಾಂಪುರದಿಂದ ಒಬ್ಬ ಬಸ್ ಕಂಡಕ್ಟರಿನ ಸಂಬಂಧವೂ ಹುಡುಕಿಕೊಂಡು ಬಂದಿತ್ತು. ಹಂಗಾಗಿ ಮಾವ ಸಂತೆಗೆ ಅಂತ ಮಗಳನ್ನೂ ಕರಕೊಂಡು ಬಂದ ದಿನ, ಉತ್ತರ ಈಸಿಕೊಂಡೇ ಕಳಿಸಬೇಕು ಅಂತ ಅವ್ವ ಸೆರಗು ಸಿಗಿಸಿ ನಿಂತಳು.

ಅವನು ಬಂದಾಗ ನಾನು ಬೀದಿಯಲ್ಲಿ ಗಂಜಿ ಹಚ್ಚುತ್ತಿದ್ದೆ. ಮಾವ ಹಾಸಿನ ಪಕ್ಕ ನಿಂತವನೇ ಈಗಿನ ಹುಡುಗರ ಸೋಮಾರಿತನದ ಮೇಲೆ ಶುರು ಮಾಡಿದ. ನಾನು ತಲೆ ಎತ್ತದೆ ಹೂಂಗುಟ್ಟಿದೆ.

“ಮುಖ ನೋಡಿ ಕೇಳಲೇ. ನಾನೇನು ಬಸ್‌ಸ್ಟ್ಯಾಂಡಿನ ಮೈಕಾ?”

ಮುಖ ನೋಡಿದರೆ ಹಾಸು ಹೋಗುತ್ತೆ, ಹಾಸು ನೋಡಿದರೆ ಹೆಣ್ಣು ಹೋಗುತ್ತೆ.

“ಕೈಯಾಗೆ ಕೆಲಸ ಐತೆ ಮಾವ. ನೀನೂ ಒಂದು ಕುಂಚ ಹಿಡಕೊಂಡು ಆ ಕಡೆಗೆ ಬಾ. ಎದುರುಬದುರಾದ್ರೆ ಮುಖ ನೋಡ್ಕಂಡೇ ಕೇಳ್ತೀನಿ” ಅಂದೆ.

ಹಿಡಿದ. ಚಿಕ್ಕಂದಿನಲ್ಲಿ ಮಾಡಿದ ಕೆಲಸ, ಕೈ ಮರೆತಿರಲಿಲ್ಲ. ತೊಂದರೆ ಏನಪ್ಪ ಅಂದರೆ, ಲೆಕ್ಚರ್ ಹೊಡೆಯೋನಿಗೆ ಎತ್ತೋಕೆ ಒಂದು ಕೈ ಬೇಕು, ಮಾತು ಮುಗಿಸಿ ಮೀಸೆ ತಿರುವೋಕೂ ಒಂದು ಕೈ ಬೇಕು. ಆ ಕೈಗಳೆರಡೂ ಗಂಜಿಮಯ. ‘ನಮ್ಮ ಕಾಲದಾಗೆ’ ಅನ್ನುವಷ್ಟರಲ್ಲಿ ಬಲಮೀಸೆಗೆ ಬಿತ್ತು, ‘ದೇಶ ಹಾಳಾಯ್ತು’ ಅನ್ನುವಷ್ಟರಲ್ಲಿ ಎಡಮೀಸೆಗೆ. ನಮ್ಮ ಕಡೆಯ ಬಿಸಿಲಿಗೆ ಗಂಜಿ ಒಣಗೋಕೆ ಎಷ್ಟು ಹೊತ್ತು? ಹಾಸಿನ ಆ ತುದಿ ಮುಟ್ಟುವ ಹೊತ್ತಿಗೆ ಮೀಸೆ ಟಗರಿನ ಕೊಂಬಿನಂಗೆ ನಿಂತಿತ್ತು. ಮಾಡದೆ ಬಿಟ್ಟ ಗಡ್ಡಕ್ಕೂ ಗಂಜಿ ಇಳಿದು, ಬಾಯಿ ತೆರೆದರೆ ಕೂದಲು ಬೇರುಸಮೇತ ಜಗ್ಗುತ್ತಿತ್ತು. ಮೊದಲು ದೊಡ್ಡ ಮಾತು ನಿಂತವು, ಆಮೇಲೆ ಸಣ್ಣವು. ಕೊನೆಗೆ ಕೈಸನ್ನೆಯಲ್ಲಿ ಬಿಸಿನೀರು ಕೇಳಿದ.

ಅವ್ವ ಚೆಂಬು ತಂದಳು. ತಂದು, ತನ್ನ ಹಿಂದಕ್ಕೆ ಹಿಡಕೊಂಡಳು.

“ನೀರು ಕೊಡ್ತೀನಿ ತಮ್ಮಾ. ನನ್ನ ಮಗನಿಗೆ ಹುಡುಗೀನ ಕೊಡ್ತೀಯಾ ಇಲ್ವಾ, ಅದೊಂದು ಹೇಳು.”

ಮಾವ ‘ವಿನರಾ’ ಅನ್ನಲು ಹೋದ. ‘ವಿ’ ಅಷ್ಟೇ ಹೊರಗೆ ಬಂತು, ಕಣ್ಣಲ್ಲಿ ನೀರು ಬಂತು. ನನ್ನ ಕಡೆ ನೋಡಿದ. ಒಂದೆಳೆ ಅಂಟದಂಗೆ ನಿಂತಿದ್ದ ಹಾಸು ನೋಡಿದ, ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೀತಿದ್ದ ಮಗಳನ್ನು ನೋಡಿದ. ಚೆಂಬಿನ ಕಡೆಗೂ ನೋಡಿದ. ಆಮೇಲೆ ತಲೆ ಆಡಿಸಿದ.

“ಅಪ್ಪ ಒಪ್ಕಂಡ. ಎಲ್ರೂ ನೋಡಿದ್ರಲ್ಲ?” ಅಂತ ಮಾವನ ಮಗಳು ಇಡೀ ಬೀದಿಯನ್ನು ಕೇಳಿದಳು. ಬೀಡಿಯ ಹಿರಿಯರು, ನೋಡಿದ್ವಮ್ಮ, ಚೆನ್ನಾಗೇ ಆಡಿಸ್ದ ಅಂತ ಒಬ್ಬರಾದ ಮೇಲೆ ಒಬ್ಬರು ಸಾಕ್ಷಿ ಹೇಳಿದರು. ಅವ್ವ ನೀರಿಗೂ ಮುಂಚೆ ಮಾವನ ಅಂಗೈಗೆ ಎಲೆ ಅಡಿಕೆ ಇಟ್ಟಳು.

ಮೀಸೆ ನೆನೆದು ಬಾಯಿ ಬಿಡೋಕೆ ಬಹಳ ಹೊತ್ತು ಬೇಕಾಯಿತು. ಬಿಟ್ಟವನೇ ಮಾವ, ಮದುವೆ ಅಂದರೆ ಹೆಂಗೆ ಮಾಡಬೇಕು ಅನ್ನೋದರ ಮೇಲೆ ಶುರು ಮಾಡಿದ. ಅವ್ವ ಒಳಗೆ ಹೋಗಿ ಎಲ್ಲರಿಗೂ ಟೀ ಇಟ್ಟಳು.