ವಧು-ವರ ಗ್ರೂಪಿಗೆ ಬಂದ ನನ್ನ ವಿಡಿಯೋ

ಮಕ್ಕಳಿಗೆ ಬೊಜ್ಜು ಬರದಂತೆ ತಡೆಯುವುದು ಹೇಗೆ ಎಂಬುದು ಡಾಕ್ಟರಾದ ನನ್ನ ಸಂಶೋಧನೆ. ಊರೂರು ತಿರುಗಿ ಶಾಲೆಯ ಮಕ್ಕಳ ತೂಕ, ಎತ್ತರ ಅಳೆಯುತ್ತೇನೆ. ಏನು ತಿಂದಿರಿ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಬರೆದದ್ದನ್ನು ಓದುವವರು ನನ್ನಂಥವರೇ ನಾಲ್ಕು ಜನ. ಜನರಿರುವುದು ಮೊಬೈಲಿನಲ್ಲಿ, ಅಲ್ಲಿಗೇ ಹೋಗಿ ಹೇಳಿ ಎಂದು ಮೇಲಿನವರು ತಲೆ ತಿಂದರು. ಹೋದೆ.

ಮೈಂದರ್ಗಿಯ ಒಂದು ಶಾಲೆಯ ಎದುರು ನಿಂತು ವಿಡಿಯೋ ಮಾಡಿದೆವು. ಮೊಬೈಲ್ ಹಿಡಿದವಳು ಅಣ್ಣನ ಮಗಳು. ಸೋಲಾಪುರದಲ್ಲಿ ಅಣ್ಣನದು ಚಾದರ, ಟವೆಲ್ಲಿನ ವ್ಯಾಪಾರ. ನಾನಿರುವುದೂ ಅವನ ಮನೆಯಲ್ಲೇ. ಹುಡುಗಿ ಬಿ.ಕಾಂ. ಮುಗಿಸಿ ಅಂಗಡಿಯ ಆನ್‌ಲೈನ್ ಆರ್ಡರುಗಳನ್ನು ನೋಡಿಕೊಳ್ಳುತ್ತಾಳೆ. ಮೈಕೈ ತುಂಬಿಕೊಂಡವಳು, ನಕ್ಕರೆ ಅಂಗಡಿಯೆಲ್ಲ ತಿರುಗಿ ನೋಡಬೇಕು. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ನನ್ನ ಮಾತಿನ ಕೆಳಗೆ ಮರಾಠಿ ಸಾಲು ಕೂಡಿಸಿದವಳೂ ಅವಳೇ.

"ಅತ್ತಿ, ಮಾಸ್ತರಗತೆ ಮಾರಿ ಮಾಡಬ್ಯಾಡ. ಜರಾ ನಗು," ಎಂದು ಮತ್ತೆ ಮತ್ತೆ ನಿಲ್ಲಿಸಿದಳು.

ಶಾಲೆಯ ಗೇಟಿಗೇ ಅಂಟಿಕೊಂಡು ಕರಿದ ತಿಂಡಿಯ ಪಾಕೀಟು, ಬಣ್ಣದ ನೀರು ಮಾರಿದರೆ ಮಕ್ಕಳನ್ನು ಬೈದು ಏನುಪಯೋಗ, ದಪ್ಪಗಿರುವ ಮಗುವನ್ನು ಯಾರೂ ಆಡಿಕೊಳ್ಳಬೇಡಿ ಎಂದು ಅದರಲ್ಲಿ ಹೇಳಿದ್ದೆ. ನಡುವೆ ಇನ್ನೊಂದು ಮಾತಿತ್ತು: ತೂಕ ಹೀಗೇ ಏರುತ್ತ ಹೋದರೆ ಮುಂದೆ ಸಕ್ಕರೆ ಕಾಯಿಲೆ ಬರಬಹುದು, ಹೆಣ್ಣುಮಕ್ಕಳಿಗೆ ಬಸಿರಿನಲ್ಲಿ ತೊಂದರೆಯಾಗಬಹುದು. ಯಾರೋ ಪುಣ್ಯಾತ್ಮರು ಅಷ್ಟನ್ನೇ ಕತ್ತರಿಸಿ ಹರಿಯಬಿಟ್ಟರು. ಪೂರ್ತಿ ವಿಡಿಯೋವನ್ನು ನನ್ನ ಸ್ವಂತ ಅಣ್ಣನೇ ಕೊನೆಯವರೆಗೆ ನೋಡಿರಲಿಲ್ಲ. ತುಣುಕನ್ನು ಮಾತ್ರ ಊರೆಲ್ಲ ನೋಡಿತು.

ಆ ಹೊತ್ತಿಗೆ ಅಕ್ಕಲಕೋಟೆಯ ಒಂದು ಕಿರಾಣಿ ವ್ಯಾಪಾರಸ್ಥರ ಮನೆಯವರು ಬಂದು ಹುಡುಗಿಯನ್ನು ನೋಡಿ, ಒಪ್ಪಿ ಹೋಗಿದ್ದರು. ಹುಡುಗ ಇವಳಿಗೆ ಹಿಡಿಸಿದ್ದ. ದಿನವೂ ಮೆಸೇಜು, ಒಬ್ಬಳೇ ಕೂತು ನಗು. ಅವಳ ತಾಯಿ, ನನ್ನ ವೈನಿ, ನಿಶ್ಚಿತಾರ್ಥಕ್ಕೆ ಸೀರೆಯನ್ನೂ ಆರಿಸಿಟ್ಟಿದ್ದಳು. ಅಷ್ಟರಲ್ಲಿ ನಮ್ಮ ಸಮಾಜದ ವಧು-ವರ ಗ್ರೂಪಿನ ಹಿರಿಯರೊಬ್ಬರು ಆ ತುಣುಕನ್ನು ಹಾಕಿ, ಸಂಬಂಧ ನೋಡುವವರು ಲಕ್ಷ್ಯ ಕೊಡಿ ಎಂದು ಬರೆದರು. ಮರುದಿನವೇ ಹುಡುಗನ ತಾಯಿಯ ಫೋನು. ವೈನಿ ಸ್ಪೀಕರ್ ಹಾಕಿದ್ದಳು, ಹುಡುಗಿ ಅಲ್ಲೇ ಇದ್ದಳು.

"ಪೋರಿ ಭಾಳ ಚಲೋ ಅದಾಳ್ರಿ. ಆದ್ರ ಮುಂದ ಮಕ್ಕಳು ಮರಿ ಆಗಬೇಕಲ್ರಿ. ನಾವೇನ್ ಅಂದಿಲ್ಲ, ನಿಮ್ಮ ಮನ್ಯಾಗಿನ ಡಾಕ್ಟರಬಾಯಿನೇ ಅಂದಾರ."

ನನಗೆ ಮೈಯೆಲ್ಲ ಉರಿಯಿತು. ಗ್ರೂಪಿನ ಹಿರಿಯರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. "ನಾ ಏನ್ ಸುಳ್ಳು ಹಾಕೀನ್ರಿ ಡಾಕ್ಟರಬಾಯಿ? ನಿಮ್ಮ ಮಾತೇ ಅಲಾ? ಸಮಾಜಾಕ ಚಲೋ ಆಗ್ಲಿ ಅಂತ ಹಾಕೀನಿ," ಎಂದರು ತಣ್ಣಗೆ. ಡಬ್ಬಿಗೆ ಮೊಬೈಲ್ ಆನಿಸಿಟ್ಟು, ಪೂರ್ತಿ ನೋಡಿ ಎಂದು ಬೇಡಿಕೊಳ್ಳುವ ಇನ್ನೊಂದು ವಿಡಿಯೋ ಮಾಡಿದೆ. ನೋಡಿದವರು ಬೆರಳೆಣಿಕೆಯಷ್ಟು ಮಂದಿ. ಅದರ ಕೆಳಗೂ ಒಬ್ಬ, ಮೊದಲು ನಿಮ್ಮ ಮನೆಯ ಹುಡುಗಿಗೆ ಹೇಳಿ ಎಂದು ಮರಾಠಿಯಲ್ಲಿ ಬರೆದಿದ್ದ. ಅದನ್ನು ಅಳಿಸಿದೆ. ಅವಳು ಅಷ್ಟರಲ್ಲೇ ಓದಿಯಾಗಿತ್ತು.

ಹುಡುಗನ ಮೆಸೇಜು ನಿಂತಿತು. ಇವಳ ಊಟವೂ ನಿಲ್ಲುತ್ತ ಬಂತು. ಮೊದಲು ಅರ್ಧ ಜೋಳದ ಭಕ್ರಿ, ಆಮೇಲೆ ಬರೀ ಜೀರಿಗೆ ನೀರು. ಮೊಬೈಲ್ ತೆರೆದರೆ ಸಾಕು, ಸೊಂಟ ಕರಗಿಸುವ ಪುಡಿ ಮಾರುವವರೇ ಅವಳ ಮುಂದೆ ಸಾಲು ನಿಲ್ಲುತ್ತಾರೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ. ನಾಳೆ ಇನ್ನೊಂದು ಶಾಲೆಗೆ ತೂಕದ ಯಂತ್ರ ಹೊತ್ತು ಹೋಗಬೇಕು. ಯಾಕೆ ಹೋಗಬೇಕೋ ನನಗೇ ತಿಳಿಯದಾಗಿದೆ.

ನಿನ್ನೆ ಮಧ್ಯಾಹ್ನ ಬಿಸಿ ಭಕ್ರಿ, ಶೇಂಗಾ ಚಟ್ನಿ ಹಾಕಿದ ತಾಟು ಹಿಡಿದು ಅವಳ ಮುಂದೆ ಕೂತೆ.

"ಉಣ್ಣವ್ವಾ. ನಾ ಹಂಗ ಅಂದಿಲ್ಲಂತ ನಿನಗ ಗೊತ್ತೈತಿ."

"ಗೊತ್ತೈತಿ ಅತ್ತಿ. ವಿಡಿಯೋ ನಾನೇ ಹಿಡದೀನಿ, ಪೂರಾ ಕೇಳೀನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಖರೆ ಆ ಒಂದ್ ಮಾತೂ ನೀನೇ ಅಂದಿ ಅಲಾ? ಅದೇನ್ ಸುಳ್ಳೇನು?"

ನಾನು ಒಂದು ತುತ್ತು ಭಕ್ರಿ ಮುರಿದು, ಚಟ್ನಿ ಹಚ್ಚಿ ಅವಳತ್ತ ಚಾಚಿದೆ. ಅವಳು ತಾಟನ್ನು ನನ್ನ ಕಡೆಗೆ ಸರಿಸಿ, ಎದ್ದು ಹೋದಳು.