ಬಾಟಲಿಗಳಿಂದ ಬಚ್ಚಿಟ್ಟ ಆರ್ಕಿಡ್

ಜಗತ್ತಿನ ಉಳಿದ ಸಮಸ್ಯೆಗಳು ಸ್ವಲ್ಪ ತಡೆದುಕೊಳ್ಳಲಿ. ಮೂರನೇ ಮಹಡಿಯ ಕಚೇರಿಯಲ್ಲಿ ಆರ್ಕಿಡ್ ಗಿಡದ ಎಲೆಯೊಂದು ಹಳದಿಯಾಗಿದೆ.

ಬೆಳಕು ಹರಿಯುವ ಹೊತ್ತು. ಇಲ್ಲಿ ಕಸ ಗುಡಿಸಿ ನೆಲ ಒರೆಸುವ, ಎಲ್ಲರ ಬಾಯಲ್ಲೂ 'ಗಿಡದಕ್ಕ' ಆಗಿರುವ ಹೆಂಗಸು ಹಳೇ ಪತ್ರಿಕೆ ಹಾಸಿ ಕುಂಡವನ್ನು ಬೋರಲು ಹಾಕಿದ್ದಾರೆ. ಹೋದ ವಾರದ ಪುರವಣಿ ಕೊನೆಗೂ ಕೆಲಸಕ್ಕೆ ಬಂದಿದೆ. ಬೇರುಗಳು ಕಂದಿವೆ, ಕೆಲವನ್ನು ಒತ್ತಿದರೆ ಸಿಪ್ಪೆ ಜಾರಿ ಒಳಗಿನ ದಾರದಂಥ ನಾರಷ್ಟೇ ಕೈಗೆ ಬರುತ್ತದೆ.

ಗಿಡ ಅವರದಲ್ಲ, ಸ್ವಾಗತದ ಮೇಜಿನ ಹುಡುಗಿಯದು. ಅವಳಿಗೆ ಕೆಲಸ ಸಿಕ್ಕ ದಿನ ಅಪ್ಪ ತಂದಿಟ್ಟದ್ದು, ಅಪ್ಪ ಈಗಿಲ್ಲ. ಹೆರಿಗೆ ರಜೆಗೆ ಹೊರಟಾಗ "ಅಕ್ಕಾ, ನಿಮ್ಮ ಮಡಿಲಿಗೆ ಹಾಕಿದೀನಿ" ಎಂದು ಒಪ್ಪಿಸಿ ಹೋಗಿದ್ದಾಳೆ.

ಗಿಡಕ್ಕೆ ಈ ಗತಿ ತಂದದ್ದು ಇಡೀ ಕಚೇರಿಯ ಕರುಣೆ. "ಸಂಜೆ ಹೊರಡೋವಾಗ ಎಲ್ರೂ ಬಾಟಲಿಲಿ ಉಳಿದ ನೀರು ಇದಕ್ಕೇ ಹುಯ್ಯೋದು. ಸಿಂಕಿಗೆ ಚೆಲ್ಲಿದ್ರೆ ಪಾಪವಂತೆ, ಗಿಡಕ್ಕಾದ್ರೆ ಪುಣ್ಯವಂತೆ! ಬೇರು ಕೊಳೆತು ಎಲೆ ಬಾಡ್ತು. ಬಾಯಾರಿದೆ ಅಂತ ನಾನೂ ಒಂದು ಮಗ್ ಹುಯ್ದೆ," ಎನ್ನುತ್ತಾರೆ ಗಿಡದಕ್ಕ.

ನರ್ಸರಿಯವನು ಫೋನಿನಲ್ಲಿ ಹೇಳಿದ್ದು ಇಷ್ಟೇ: ಮೆತ್ತಗಿದ್ದರೆ ಕತ್ತರಿಸಿ, ಗಟ್ಟಿಯಿದ್ದರೆ ಮುಟ್ಟಬೇಡಿ. ಮೆತ್ತಗೂ ಅಲ್ಲದ, ಗಟ್ಟಿಯೂ ಅಲ್ಲದ ಬೇರಿನ ಬಗ್ಗೆ ಅವನು ಏನೂ ಹೇಳಿಲ್ಲ. ಇಲ್ಲಿರುವುದು ಬಹುಪಾಲು ಅಂಥವೇ. ಕತ್ತರಿ ಹತ್ತಿರ ಹೋಗುತ್ತದೆ, ಹಿಂದೆ ಬರುತ್ತದೆ.

"ಪೇಷೆಂಟು ಇದಾರಾ, ಹೋದ್ರಾ?" ವಾಚ್‌ಮನ್ ನೀರಿನ ಬಾಟಲಿ ಹಿಡಿದು ಇಣುಕುತ್ತಾನೆ.

"ಬಿಡ್ತು ಅನ್ನು! ಆ ಬಾಟಲಿ ಹೊರಗಿಟ್ಟು ಬಾ."

ಕೊನೆಗೆ ಉಳಿದದ್ದು ಬೆರಳುದ್ದದ ಎರಡು ಬೇರು. ಕತ್ತರಿಸಿದ ಜಾಗ ಮತ್ತೆ ಕೊಳೆಯದಂತೆ ಅಡುಗೆಯ ಚಕ್ಕೆ ಪುಡಿ ಸವರಿ, ತೂತಿರುವ ಕುಂಡದಲ್ಲಿ ಮರದ ತೊಗಟೆಯ ಚೂರು ತುಂಬಿ ಗಿಡವನ್ನು ನಿಲ್ಲಿಸುತ್ತಾರೆ. ಅಲ್ಲಿಂದ ಅದರ ಸವಾರಿ ಹೆಂಗಸರ ಬಾತ್‌ರೂಮಿನ ಕಿಟಕಿಗೆ. ಬೆಳಕಿದೆ, ತೇವವಿದೆ, ಪುಣ್ಯವಂತರ ಕಾಟ ಕಡಿಮೆ. ಆದರೂ ಅಕೌಂಟ್ಸ್ ಮೇಡಂ ಒಮ್ಮೆ "ಪಾಪ, ಒಂದು ತೊಟ್ಟಾದ್ರೂ..." ಎಂದು ಬಾಟಲಿಯ ಮುಚ್ಚಳ ತಿರುಗಿಸಿದ್ದುಂಟು. ಗಿಡದಕ್ಕ ಪೊರಕೆ ಸಮೇತ ಅಡ್ಡ ನಿಂತರು.

ವಾರಗಳು ಕಳೆಯುತ್ತವೆ. ಇನ್ನೊಂದು ಎಲೆ ಉದುರುತ್ತದೆ.

"ಅಂಥದ್ದೇ ಇನ್ನೊಂದು ತಂದಿಡು, ಯಾರಿಗೆ ಗೊತ್ತಾಗುತ್ತೆ ಅಂತಾರೆ ಎಲ್ರೂ," ಗಿಡದಕ್ಕ ವಾಚ್‌ಮನ್‌ಗೆ ಹೇಳುತ್ತಾರೆ. " ನಾನು ತಂದದ್ದು ಅವಳಪ್ಪ ತಂದದ್ದಾಗುತ್ತಾ?"

ರಜೆ ಮುಗಿಸಿ ಒಂದು ಸೋಮವಾರ ಹುಡುಗಿ ಕೆಲಸಕ್ಕೆ ಬರುತ್ತಾಳೆ. ಬರಿದಾದ ಮೇಜು ನೋಡಿ ಬ್ಯಾಗು ಇಳಿಸದೆ ನಿಲ್ಲುತ್ತಾಳೆ. ಗಿಡದಕ್ಕ ಅವಳ ಕೈಹಿಡಿದು ಬಾತ್‌ರೂಮಿಗೆ ಕರೆದೊಯ್ಯುತ್ತಾರೆ.

ಮೂರು ಎಲೆ ಉಳಿದಿವೆ. ಬುಡದಲ್ಲಿ ಹಸಿರು ತುದಿಯ ಹೊಸ ಬೇರೊಂದು ಹೊರಟಿದೆ. ಈ ವರ್ಷ ಹೂವಿಲ್ಲ.